ಹಣೆಬರಹದವರಿಗೂ ಟೈ ಕಟ್ಟಿದವರಿಗೂ



ನಮ್ಮ ಅಜ್ಜಂದಿರಿಗೆ ಹೇಳಿದರು: ಹೋದ ಜನ್ಮದ ಪಾಪ, ಹಣೇಲಿ ಬರೆದದ್ದು, ಅನುಭವಿಸು. ನಮಗೀಗ ಹೇಳ್ತಾರೆ: ನಿನ್ನ ಬದುಕು ನಿನ್ನ ಕೈಲೇ ಇದೆ, ಮೇಲಕ್ಕೆ ಬರದಿದ್ದರೆ ತಪ್ಪು ನಿನ್ನದೇ. ಮೊದಲನೇ ಮಾತು ಹೇಳಿದವನ ಹೆಗಲಲ್ಲಿ ಜನಿವಾರ ಇತ್ತು. ಎರಡನೇ ಮಾತು ಹೇಳುವವನ ಕೊರಳಲ್ಲಿ ಟೈ ಇದೆ. ಯಾರು ಹೇಳಿದರೂ ಕಟಕಟೆಯಲ್ಲಿ ನಿಲ್ಲೋರು ಮಾತ್ರ ನಾವೇ.

ವ್ಯಕ್ತಿತ್ವ ವಿಕಸನ ಅಂತ ಹಾಸ್ಟೆಲುಗಳಿಗೆ ಬರ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಕೈ ಕುಲುಕಿ, ನಗುನಗುತ್ತಾ ಇರಿ ಅಂತಾರೆ. ಸರಿ ಸ್ವಾಮಿ. ಗೌಡರ ಮುಂದೆ ಕಣ್ಣೆತ್ತಿದ್ದಕ್ಕೇ ಅಪ್ಪ ಏಟು ತಿಂದದ್ದನ್ನು ನೋಡಿ ಬೆಳೆದ ಹುಡುಗ ಯಾರ ಕಣ್ಣು ನೋಡಬೇಕು? ಬೇರೆ ಲೋಟದಲ್ಲಿ ಟೀ ಕೊಟ್ಟ ಕೈಯನ್ನೇ ಕುಲುಕಬೇಕೆ? ನೀವು ಸಂಕೋಚ ಅಂತ ಹೆಸರಿಟ್ಟಿರುವುದು ಹುಟ್ಟುಗುಣವಲ್ಲ. ತಲೆತಲಾಂತರದಿಂದ ಮೈಗೆ ಕಲಿಸಿದ ಭಯ ಅದು.

ಹಾಗಂತ, 'ಎಲ್ಲಾ ವ್ಯವಸ್ಥೆಯದೇ ತಪ್ಪು' ಅಂದು ಮಗ್ಗುಲು ಬದಲಿಸಿ ಮಲಗೋರನ್ನೂ ನಾವು ಒಪ್ಪೋದಿಲ್ಲ. ನನಗಾಗುವುದು ನನ್ನ ಕೈಲಿದೆಯೋ, ಅದೃಷ್ಟದ ಕೈಲೋ, ಬಲಾಢ್ಯರ ಕೈಲೋ? ಒಬ್ಬ ಮನುಷ್ಯ ಏನು ನಂಬಿದ್ದಾನೆ ಅಂತ ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಪ್ರಕಟಿಸಿದ. ಅದಕ್ಕೂ ಮುಂಚೆ, 1963ರಲ್ಲೇ, ಪರ್ಲ್ ಗೋರ್ ಮತ್ತು ರಾಟರ್ ಅಲ್ಲಿನ ದಕ್ಷಿಣದ ಕಪ್ಪು ವಿದ್ಯಾರ್ಥಿಗಳನ್ನು ಕೇಳಿ ನೋಡಿದ್ದರು. ತನ್ನ ಕೈಲಿ ಏನೋ ಆಗುತ್ತೆ ಅಂತ ನಂಬಿದವರೇ ನಾಗರಿಕ ಹಕ್ಕುಗಳ ಹೋರಾಟಕ್ಕೆ ಹೆಚ್ಚು ಮುಂದೆ ಬಂದಿದ್ದರು. ಹಣೆಬರಹ ನಂಬಿದವನು ಬೀದಿಗೆ ಇಳಿಯೋದಿಲ್ಲ.

ಟೈ ಕಟ್ಟಿದವರು ಇಷ್ಟು ಹೇಳಿ ನಿಲ್ಲಿಸ್ತಾರೆ. ಮುಂದಿನದನ್ನು ನಾವು ಹೇಳ್ತೀವಿ. 1969ರಲ್ಲಿ ಪೆಟ್ರೀಷಿಯಾ ಗುರಿನ್ ಮತ್ತು ಜೊತೆಯವರು ಆ ಒಂದು ಪ್ರಶ್ನೆಯನ್ನು ಎರಡಾಗಿ ಸೀಳಿದರು. ನಿನ್ನ ಬದುಕಿನಲ್ಲಿ ನಿನ್ನ ಕೈ ನಡೆಯುತ್ತಾ? ಇದು ಒಂದು. ನಿನ್ನ ಜನ ಹಿಂದೆ ಉಳಿದದ್ದು ಅವರ ತಪ್ಪಿಗೋ, ತುಳಿದವರಿಂದಲೋ? ಇದು ಇನ್ನೊಂದು. ತುಳಿದವರಿಂದ ಅಂದ ಕಪ್ಪು ವಿದ್ಯಾರ್ಥಿಗಳೇ ಒಟ್ಟುಗೂಡಿ ಹೋರಾಡಲು ಹೆಚ್ಚು ತಯಾರಿದ್ದರು. ಅಂದರೆ ತನ್ನ ಕೈ ಮೇಲೆ ನಂಬಿಕೆಯೂ ಬೇಕು, ತುಳಿಯುವ ಕಾಲು ಯಾರದು ಅಂತ ಗುರುತಿಸುವ ಕಣ್ಣೂ ಬೇಕು. ಕಣ್ಣು ಕಿತ್ತು ಬರೀ ಕೈ ಕೊಡ್ತೀವಿ ಅನ್ನೋ ವ್ಯಾಪಾರ ನಮಗೆ ಬೇಡ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಒಬ್ಬರೇ ಹೋಗಲಿಲ್ಲ. ಸಾವಿರಾರು ಜನರ ಜೊತೆ ಹೋಗಿ ನೀರು ಮುಟ್ಟಿದರು. ಬಾಂಬೆ ಹೈಕೋರ್ಟು ಆ ನೀರಿನ ಹಕ್ಕು ಎತ್ತಿಹಿಡಿದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ! ನಮ್ಮಲ್ಲಿ 1973ರ ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು, ಹಾಸ್ಟೆಲ್ ಹುಡುಗರು ಏಟು ತಿಂದರು. ಆದರೆ ಆ ಏಟು ತಿಂದ ಹುಡುಗರಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಧೈರ್ಯ ಬಂದಮೇಲೆ ಸಂಘ ಕಟ್ಟಿದ್ದಲ್ಲ, ಸಂಘ ಕಟ್ಟುತ್ತಾ ಧೈರ್ಯ ಬಂತು.

2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲನನ್ನು ಕಳಕೊಂಡೆವು. ಹಾಸ್ಟೆಲಿನಿಂದ ಹೊರಹಾಕಿದ ಐವರಲ್ಲಿ ಅವನೊಬ್ಬ. ಸಂಘಟನೆ ಮಾಡಿದವನು, ಮಾತು ಬಲ್ಲವನು, ಬರಹ ಬಲ್ಲವನು. ಅವನಿಗೆ ವ್ಯಕ್ತಿತ್ವ ಸಾಲದಾಗಿತ್ತು ಅಂತ ಯಾವ ಬಾಯಿ ಹೇಳುತ್ತೆ? ಬಾಗಿಲಿಗೆ ಬೀಗ ಹಾಕಿದವರನ್ನು ಬಿಟ್ಟು ಹೊರಗೆ ನಿಂತವನ ನಡತೆ ತಿದ್ದೋಕೆ ಬರಬೇಡಿ.

ಈಗ ನಮ್ಮೊಳಗಿನ ಮಾತು. 'ಹೇಳಿದ್ರೆ ಏನಾಗುತ್ತೆ ಬಿಡೋ' ಅಂತ ಹುಳ ಬಿದ್ದ ಸಾರನ್ನು ಸುಮ್ಮನೆ ಉಣ್ಣುವವನು ಆ ಸಿಟ್ಟನ್ನೆಲ್ಲಾ ರಾತ್ರಿ ರೂಮಿನವನ ಮೇಲೆ ತೀರಿಸ್ತಾನೆ. ವಾರ್ಡನ್ ಮುಂದೆ ಬಾಯಿಲ್ಲ, ಗೆಳೆಯನ ಮುಂದೆ ಹುಲಿ. ಇನ್ನೊಬ್ಬ ನೌಕರಿ ಸಿಕ್ಕಿದ್ದೇ 'ನಾನೇ ಗೆದ್ದೆ' ಅಂತ ಕೇರಿಯ ದಾರಿ ಮರೀತಾನೆ. ಮೀಸಲಾತಿ ತಂದ ಹೋರಾಟ ನೆನಪಿಲ್ಲ, ಫೀಸಿಗೆ ಓಲೆ ಅಡವಿಟ್ಟ ಅವ್ವ ನೆನಪಿಲ್ಲ. ಜಾತಿ ಮುಚ್ಚಿಟ್ಟು ಬದುಕೋನಿಗೆ ಗೆಳೆತನ ಎಲ್ಲಿಂದ ಬರಬೇಕು? ಯಾವಾಗ ಗೊತ್ತಾಗುತ್ತೋ ಅಂತ ಎದೆ ಹಿಡಕೊಂಡೇ ಓಡಾಡಬೇಕು. ಬಿದ್ದ ದಿನ ಎತ್ತೋಕೆ ಒಬ್ಬನೂ ಇರೋದಿಲ್ಲ. ಹೊಲೆಯ ಮಾದಿಗ ಅಂತ ಮೆಸ್ಸಿನಲ್ಲಿ ಬೇರೆ ಬೇರೆ ಸಾಲು ಕೂತರೆ, ವಾರ್ಡನ್ನು ಎರಡೂ ಸಾಲಿಗೂ ಅದೇ ಹುಳದ ಸಾರು ಬಡಿಸ್ತಾನೆ. ಅಕ್ಕತಂಗಿಯರನ್ನು ಹಿಂದಕ್ಕೆ ಕೂರಿಸಿ ಸಮಾನತೆಯ ಭಾಷಣ ಹೊಡೆಯೋನು ಮನೆಯೊಳಗೆ ಇನ್ನೊಬ್ಬ ಗೌಡ.

ಆದ್ದರಿಂದ ಕೆಲಸ ಇಲ್ಲಿಂದ ಶುರುವಾಗಲಿ. ಸಾರಿನಲ್ಲಿ ಹುಳ ಕಂಡ ದಿನವೇ ಅರ್ಜಿ ಬರೀರಿ. ರೂಮು ರೂಮಿಗೆ ಹೋಗಿ ಎಲ್ಲರ ಸಹಿ ಹಾಕಿಸಿ. ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಒಟ್ಟಾಗಿ ಹೋಗಿ. ನಿಮ್ಮಲ್ಲಿ ಅತಿ ಕಮ್ಮಿ ಮಾತಾಡುವ ಹುಡುಗನ ಕೈಗೆ ಆ ಅರ್ಜಿ ಕೊಟ್ಟು ಓದು ಅನ್ನಿ. ಮೊದಲನೇ ಸಾಲಿಗೆ ದನಿ ನಡುಗುತ್ತೆ, ನಡುಗಲಿ. ಹಿಂದೆ ನಲವತ್ತು ಜನ ನಿಂತಿದ್ದಾರೆ ಅಂತ ಗೊತ್ತಾದಾಗ ಆ ದನಿ ಗಟ್ಟಿಯಾಗುತ್ತೆ. ಆಗ ಅವನು ತಾನಾಗಿಯೇ ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೆ. ಅದನ್ನು ಯಾವ ಟೈ ಕಟ್ಟಿದವನೂ ಕಲಿಸಬೇಕಾಗಿಲ್ಲ.

ಜೈ ಭೀಮ್.