ಕಾಳಿಗೆ ಹೆಸರಿದೆ, ಹಂದಿಗಿಲ್ಲ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಮಡಿದ ಸಂಗತಿ ಅದರಲ್ಲಿರುವುದರಿಂದ ಇತಿಹಾಸಕಾರರು ಅದನ್ನು ಮತ್ತೆ ಮತ್ತೆ ಓದುತ್ತಾರೆ. ಆದರೆ ಆ ಕಲ್ಲು ನೆಟ್ಟದ್ದು ನಾಯಿಯೊಂದರ ನೆನಪಿಗೆ. ಆ ಕಾಳಗದಲ್ಲಿ ತನ್ನ ಬಂಟ ಮಣಲೇರ ತೋರಿದ ಪರಾಕ್ರಮಕ್ಕೆ ಗಂಗರ ಇಮ್ಮಡಿ ಬೂತುಗ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ನೆಲ ಬಿಟ್ಟರು. ಕಲ್ಲಿನ ಮೇಲೆ ಇವತ್ತಿಗೂ ನಾಯಿ, ಹಂದಿ ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ.

ಇದನ್ನು ಓದುವಾಗ ನಾವು ಯುದ್ಧವನ್ನು ಇತಿಹಾಸಕ್ಕೆ ಹಾಕಿ, ನಾಯಿಯನ್ನು ಸ್ವಾರಸ್ಯದ ಅಡಿಟಿಪ್ಪಣಿಗೆ ತಳ್ಳುತ್ತೇವೆ. ಮೊರಡಿ, ಕೆರೆ, ಹಂದಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹತ್ತನೆಯ ಶತಮಾನದ ಮಂಡ್ಯದ ನೆಲ ಹೇಗಿತ್ತು ಎಂದು ಕೇಳಿದರೆ ಇದೇ ಶಾಸನ ಉತ್ತರ ಕೊಡುತ್ತದೆ: ದೊಡ್ಡ ಕೆರೆ, ಅದರ ನೀರಿನಲ್ಲಿ ಬೆಳೆಯುವ ಭೂಮಿ, ಪಕ್ಕದಲ್ಲೇ ಹಂದಿಗೆ ನೆಲೆಯಾದ ಗುಡ್ಡ. ಕೇಳುವವರು ಕಡಿಮೆ, ಅಷ್ಟೆ. ಶಾಸನ ಬಲ್ಲವರು ಹಕ್ಕಿ ನೋಡುವುದಿಲ್ಲ, ಹಕ್ಕಿ ನೋಡುವವರು ಶಾಸನ ಓದುವುದಿಲ್ಲ. ನಿಸರ್ಗ ಬೇರೆ, ಚರಿತ್ರೆ ಬೇರೆ ಎಂಬ ಈ ಪಾಲುಪಟ್ಟಿ ನಮ್ಮ ನೆಲಕ್ಕೆ ಹೊಂದುವುದಿಲ್ಲ ಎಂಬುದು ನನ್ನ ವಾದ.

ಅದೇ ಜಿಲ್ಲೆಯ ರಂಗನತಿಟ್ಟಿಗೆ ಬನ್ನಿ. ದೋಣಿಯಲ್ಲಿ ಕೂತವರ ಕ್ಯಾಮೆರಾ ಬಣ್ಣದ ಕೊಕ್ಕರೆಯನ್ನೂ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದ ಮೊಸಳೆಯನ್ನೂ ಹುಡುಕುತ್ತದೆ. ಆ ನಡುಗಡ್ಡೆಗಳು ಸೃಷ್ಟಿಯಷ್ಟೇ ಹಳೆಯವು ಎಂಬಂತೆ ಕಾಣುತ್ತವೆ. ಆದರೆ ಅವು ಈ ರೂಪಕ್ಕೆ ಬಂದದ್ದು 17ನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿದ ಮೇಲೆ. ಗದ್ದೆಗೆಂದು ನೀರು ತಡೆದರು. ಸುತ್ತ ನೀರಿದ್ದು ಕಾವಲಾದ ತಿಟ್ಟುಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಆ ಕಟ್ಟೆಗೆ ಕಲ್ಲು ಹೊತ್ತವರನ್ನು ಬಿಟ್ಟು ಆ ಕೊಕ್ಕರೆಗಳ ಕಥೆ ಹೇಳಿದರೆ ಅರ್ಧ ಕಥೆ ಮಾತ್ರ ಹೇಳಿದಂತೆ.

ಹೀಗೆ ಹಕ್ಕಿಗೂ ಕಲ್ಲಿಗೂ ಗಮನ ಕೊಡುವುದು ಹೊಟ್ಟೆ ತುಂಬಿದವರ ಹವ್ಯಾಸ ಎಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ದುರ್ಬೀನಿನ ಬೆಲೆ ಕೇಳಿದವರಿಗೆ ಗೊತ್ತು. ಆದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಗೂಡು ಕಟ್ಟುವುದು ರೈತರ ಮನೆಯಂಗಳದ ಹುಣಸೆಮರಗಳಲ್ಲಿ. ಮರಿಗಳು ಗೂಡಿನಲ್ಲಿರುವ ತಿಂಗಳುಗಳಲ್ಲೇ ಹುಣಸೆ ಬಡಿಯುವ ಕಾಲವೂ ಬರುತ್ತದೆ. ಬಡಿದರೆ ಮರಿ ಹೋಗುತ್ತದೆ, ಬಿಟ್ಟರೆ ಫಸಲು ಹೋಗುತ್ತದೆ. ಬಿಟ್ಟವರಿಗೆ ಹಿಕ್ಕೆಯ ಗೊಬ್ಬರ ಸಿಕ್ಕಿತು, ಆಮೇಲೆ ಅರಣ್ಯ ಇಲಾಖೆಯ ಪರಿಹಾರವೂ ಬಂತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಗಮನ ಕೊಡುವುದಕ್ಕೆ ಕೈಯಿಂದ ಹಣ ಬಿಡಬೇಕು, ಮೂಗನ್ನೂ ಮುಚ್ಚಿಕೊಳ್ಳಬೇಕು; ಗೂಡು ತುಂಬಿದ ಮರದ ಕೆಳಗೆ ನಿಂತವರಿಗೆ ಗೊತ್ತು ಆ ಮೀನುನಾತ.

ಹಳಬರ ಗಮನವನ್ನು ಹೊಗಳುವಾಗಲೂ ಎಚ್ಚರ ಬೇಕು. ಆತಕೂರಿನ ಕಲ್ಲು ಅರಸರ ಹೆಸರು ಹೇಳುತ್ತದೆ, ನಾಯಿಯ ಹೆಸರನ್ನೂ ಹೇಳುತ್ತದೆ. ಹಿರಿಯ ಕೆರೆಗೆ ಮಣ್ಣು ಹೊತ್ತ ಒಬ್ಬರ ಹೆಸರೂ ಅದರಲ್ಲಿಲ್ಲ. ಅವರು ಕಾಣುವುದು ಕೆರೆಯ ಏರಿಯಲ್ಲಿ, ತೂಬಿನ ಕಲ್ಲಿನಲ್ಲಿ, ಕೋಡಿಯ ಮಟ್ಟ ನಿಗದಿಮಾಡಿದ ಲೆಕ್ಕಾಚಾರದಲ್ಲಿ. ಅದನ್ನು ಓದಲು ಲಿಪಿ ಗೊತ್ತಿದ್ದರೆ ಸಾಲದು, ನೀರು ಹರಿಯುವ ದಿಕ್ಕು ಗೊತ್ತಿರಬೇಕು. ಏರಿಯನ್ನು ರಸ್ತೆಗೆಂದು ಅಗೆದಾಗ ನಿಸರ್ಗಪ್ರಿಯರು ಮರಗಳನ್ನಷ್ಟೇ ಎಣಿಸಿದರೆ, ಚರಿತ್ರೆಯವರು ಶಾಸನವಿಲ್ಲ ಎಂದು ಸುಮ್ಮನಾದರೆ, ಆ ಜನ ಎರಡನೆಯ ಸಲ ಅಳಿಸಿಹೋಗುತ್ತಾರೆ.

ಇನ್ನು ಆ ಹಂದಿ. ಕಾಡುಹಂದಿ ಹೊಲಕ್ಕೆ ನುಗ್ಗಿ ಬೆಳೆ ಹಾಳುಮಾಡಿತು ಎಂಬ ದೂರು ಬಂದಾಗಲೆಲ್ಲ ಅದು ಈಚೆಗೆ ಹುಟ್ಟಿದ ಪೀಡೆ ಎಂಬಂತೆ ಮಾತು ನಡೆಯುತ್ತದೆ. ಬೆಳತೂರಿನ ಮೊರಡಿಯ ಹಂದಿ, ಕೆರೆ ಕೆಳಗಿನ ನೆಲ ಎರಡನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿ ಸಾವಿರ ವರ್ಷ ದಾಟಿದೆ. ಪರಿಹಾರದ ಅರ್ಜಿ ಬರೆಯುವವರೂ ಅದನ್ನು ವಿಲೇವಾರಿ ಮಾಡುವವರೂ ಒಮ್ಮೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಆ ಕಲ್ಲನ್ನು ನೋಡಬಹುದು.