ಮನೆಯಲ್ಲಿರುವ ಸೊಸೆ, ಕೆಲಸದಲ್ಲಿರುವ ಸೊಸೆ

ಉದ್ಯೋಗವನ್ನರಸಿ ಊರು ಬಿಡುವುದು ನಮ್ಮ ಕುಟುಂಬಗಳಿಗೆ ಹೊಸತಲ್ಲ. ಊರು ಬಿಟ್ಟ ಮಕ್ಕಳು ಉದ್ಯೋಗವನ್ನು ಬಿಡದೆಯೇ ಊರಿಗೆ ಮರಳುವುದು ಮಾತ್ರ ಈಚಿನ ಸಂಗತಿ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೊನಾ ವ್ಯಾಧಿಯ ದೆಸೆಯಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ತಮ್ಮ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ತಿಳಿಸಿದವು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಇಂತಹ ಸೇವಾ ಕಂಪನಿಗಳ ಮೇಲಿದ್ದ ನಿಬಂಧನೆಗಳನ್ನು ಸಡಿಲಿಸಿತು. ವ್ಯಾಧಿ ಇಳಿಯಿತು; ಅನೇಕ ಕಂಪನಿಗಳು ನೌಕರರನ್ನು ಮತ್ತೆ ಕಚೇರಿಗೆ ಕರೆಸಿಕೊಂಡವು. ಆದರೂ ವಾರದಲ್ಲಿ ಕೆಲವು ದಿನ ಮನೆಯಿಂದಲೇ ದುಡಿಯುವ ಪದ್ಧತಿ ಎಷ್ಟೋ ಕಡೆ ಉಳಿದುಕೊಂಡಿದೆ.

ಈ ಪದ್ಧತಿಯ ಪ್ರಯೋಜನವನ್ನು ಕಾಣಬೇಕಾದರೆ ತುಮಕೂರಿನಂತಹ ನಗರವನ್ನು ನೋಡಬೇಕು. 2011ರ ಜನಗಣತಿಯಲ್ಲಿ ಮೂರು ಲಕ್ಷಕ್ಕೆ ತುಸು ಮೇಲ್ಪಟ್ಟ ಜನಸಂಖ್ಯೆಯಿದ್ದ ಈ ಊರು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಬೆಳಗಿನ ರೈಲು ಹಿಡಿದು ರಾಜಧಾನಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರು ಇಲ್ಲಿ ಹಿಂದಿನಿಂದಲೂ ಇದ್ದಾರೆ. ಮನೆಯಲ್ಲೇ ಕೆಲಸ ಮಾಡುವ ದಿನ ಆ ಪ್ರಯಾಣದ ಹೊತ್ತೆಲ್ಲ ಉಳಿಯುತ್ತದೆ. ಬೆಂಗಳೂರಿನ ಬಾಡಿಗೆ, ಮುಂಗಡ ಹಣಗಳ ಹೊರೆ ತಪ್ಪುತ್ತದೆ. ಮೊಮ್ಮಕ್ಕಳು ಅಜ್ಜ ಅಜ್ಜಿಯರ ಕಣ್ಣೆದುರಿನಲ್ಲಿ ಬೆಳೆಯುತ್ತಾರೆ. ವೃದ್ಧರಾದ ತಂದೆತಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಒಬ್ಬರಿರುತ್ತಾರೆ. ಇವೆಲ್ಲವೂ ಸಂತೋಷದ ಮಾತುಗಳೇ.

ಆದರೆ ಈ ಸಂತೋಷದ ಬೆಲೆಯನ್ನು ಯಾರು ತೆರುತ್ತಿದ್ದಾರೆಂಬುದನ್ನು ನಾವು ವಿಚಾರಿಸಿದ್ದೇವೆಯೇ? ಮಗನು ಕೋಣೆಯ ಬಾಗಿಲು ಹಾಕಿಕೊಂಡರೆ, "ಅವನು ಮೀಟಿಂಗಿನಲ್ಲಿದ್ದಾನೆ, ಗಲಾಟೆ ಮಾಡಬೇಡಿ" ಎಂದು ಮನೆಯೆಲ್ಲ ಮೌನ ತಾಳುತ್ತದೆ. ಅಂತಹದೇ ಉದ್ಯೋಗದಲ್ಲಿರುವ ಸೊಸೆ ಬಾಗಿಲು ಹಾಕಿಕೊಂಡರೆ, "ಮನೇಲೇ ಇದ್ದೀಯಲ್ಲಮ್ಮ, ಒಂದು ಕುಕ್ಕರ್ ಇಟ್ಟುಬಿಡು" ಎಂಬ ಮಾತು ಬರುತ್ತದೆ. ಆಡುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಸಂಬಳ ಕೊಡುವವನ ಲೆಕ್ಕದಲ್ಲಿ ಆಕೆ ಮನೆಯಲ್ಲಿಲ್ಲ, ಕಚೇರಿಯಲ್ಲಿದ್ದಾಳೆ. ಮುಖ್ಯವಾದ ಚರ್ಚೆಗಳು ಹೆಚ್ಚಾಗಿ ನಡೆಯುವ ವೇಳೆಯನ್ನೂ ಗಮನಿಸಬೇಕು. ಅಮೆರಿಕದ ಪೂರ್ವ ಭಾಗದಲ್ಲಿ ಬೆಳಗಿನ ಒಂಬತ್ತು ಗಂಟೆಯೆಂದರೆ ನಮ್ಮಲ್ಲಿ ಋತುಮಾನಕ್ಕೆ ತಕ್ಕಂತೆ ಸಂಜೆ ಆರೂವರೆ ಅಥವಾ ಏಳೂವರೆ. ದೀಪ ಹಚ್ಚುವ, ಮಕ್ಕಳ ಪಾಠ ನೋಡುವ, ರಾತ್ರಿಯ ಅಡುಗೆಗೆ ಕೈಹಚ್ಚುವ ಹೊತ್ತೇ ಅದು!

ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ನೋಡಿರಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ ದುಡಿದರೆ, ಗಂಡಸರು ದುಡಿದದ್ದು 88 ನಿಮಿಷ. ಎಂಟು ಒಂಬತ್ತು ಗಂಟೆಗಳ ಉದ್ಯೋಗದ ಮೇಲೆ ಈ ಐದು ಗಂಟೆಗಳ ಭಾರವೂ ಬಿದ್ದರೆ ಯಾವ ದೇಹ ತಾಳೀತು? ಕೆಲವು ತಿಂಗಳಲ್ಲಿ ಆಕೆ ರಾಜೀನಾಮೆ ಕೊಡುತ್ತಾಳೆ. "ಅವಳಾಗಿಯೇ ಬಿಟ್ಟಳು" ಎಂದು ಮನೆಯವರು ಹೇಳುತ್ತಾರೆ. ಓದಿಸಿದ ತವರಿನ ಶ್ರಮ, ಆಕೆಯ ವರ್ಷಗಳ ಅನುಭವ, ಭವಿಷ್ಯನಿಧಿಯ ಉಳಿತಾಯ ಎಲ್ಲವೂ ಅಲ್ಲಿಗೆ ನಿಲ್ಲುತ್ತವೆ. ನಾಲ್ಕು ವರ್ಷ ಬಿಟ್ಟ ಕೆಲಸವನ್ನು ಮತ್ತೆ ಹಿಡಿಯುವುದು ಸುಲಭವಲ್ಲ.

ಇದರಲ್ಲಿ ಅತ್ತೆಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಜೀವಮಾನವೆಲ್ಲ ರಜೆಯಿಲ್ಲದೆ ಒಲೆಯ ಮುಂದೆ ಸವೆದ ಆ ತಾಯಿಗೆ ಅರವತ್ತರ ಮೇಲಾದರೂ ವಿಶ್ರಾಂತಿ ಬೇಡವೇ? ಸೊಸೆ ಮನೆಯಲ್ಲಿದ್ದಾಳೆಂದು ಆಕೆ ನೆಮ್ಮದಿಪಟ್ಟರೆ ಅದು ಸಹಜ. ಇಬ್ಬರು ಹೆಂಗಸರ ನಡುವೆ ಒಂದೇ ಭಾರವನ್ನು ಅತ್ತಿತ್ತ ತಳ್ಳಿದರೆ ಭಾರ ಇಳಿಯುವುದಿಲ್ಲ. ಅದಕ್ಕೆ ಹೆಗಲು ಕೊಡಬೇಕಾದವರು ಆ 88 ನಿಮಿಷಗಳವರು. ಮಗನೂ ಮನೆಯಲ್ಲೇ ಇದ್ದಾನಲ್ಲವೇ? ತರಕಾರಿ ಹೆಚ್ಚುವುದು, ಮಗುವಿಗೆ ಉಣಿಸುವುದು, ಪಾತ್ರೆ ತೊಳೆಯುವುದು ಯಾವ ಗಂಡಸಿನ ಗೌರವಕ್ಕೂ ಕುಂದಲ್ಲ. ಮಾವನವರೂ ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರಬಹುದು.

ಕೆಲವು ಏರ್ಪಾಡುಗಳನ್ನು ನಾವು ಸೂಚಿಸಬಯಸುತ್ತೇವೆ. ಸೊಸೆಗೂ ಬಾಗಿಲಿರುವ ಒಂದು ಸ್ಥಳವಿರಲಿ. ಊಟದ ಮೇಜಿನ ತುದಿ ಕಚೇರಿಯಾಗದು. ಆಕೆಯ ಕೆಲಸದ ವೇಳೆಯನ್ನು ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಿರಿ. ಕರೆಂಟು ಹೋದಾಗ ಕೆಲಸ ನಿಲ್ಲದಂತೆ ಯು.ಪಿ.ಎಸ್. ಇರಲಿ. ಹಬ್ಬ ಹರಿದಿನಗಳಿಗೆ, ನೆಂಟರಿಷ್ಟರ ಮನೆಯ ಶುಭಕಾರ್ಯಗಳಿಗೆ ಮೊದಲೇ ರಜೆ ಹಾಕಲು ಆಕೆಗೆ ತಿಂಗಳ ಮುಂಚೆ ತಿಳಿಸಿರಿ. ಬೆಂಗಳೂರಿನ ಬಾಡಿಗೆಯಲ್ಲಿ ಉಳಿದ ಹಣದಲ್ಲಿ ಒಂದು ಪಾಲನ್ನು ಅಡುಗೆಗೆ ನೆರವಾಗುವವರ ಸಂಬಳಕ್ಕೆ ತೆಗೆದಿಟ್ಟರೆ ಅದು ದುಂದುವೆಚ್ಚವಲ್ಲ.

ಇನ್ನೊಂದು ಸಂಗತಿ ಪ್ರತಿಯೊಂದು ಮನೆಗೂ ತಿಳಿದಿರಬೇಕು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಂದ ತಿದ್ದುಪಡಿಯು, ಮೊದಲೆರಡು ಮಕ್ಕಳ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಜೊತೆಗೆ, ಕೆಲಸದ ಸ್ವರೂಪವು ಒಪ್ಪುವಂತಿದ್ದರೆ, ರಜೆ ಮುಗಿದ ಮೇಲೆ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು ಮನೆಯಿಂದಲೇ ದುಡಿಯುವ ಅವಕಾಶವನ್ನೂ ಕಲ್ಪಿಸಿತು. ಬಾಣಂತನದ ನೆಪದಲ್ಲಿ ಉದ್ಯೋಗ ಬಿಡಿಸುವ ಮುನ್ನ ಕಂಪನಿಯನ್ನು ಒಮ್ಮೆ ಕೇಳಿ ನೋಡುವುದು ವಿವೇಕ.

ಮನೆಯಂಗಳಕ್ಕೆ ಬಂದಿರುವ ಕಾಯಕವನ್ನು ಕಾಯಕವೆಂದೇ ಗೌರವಿಸುವುದು ಹಿರಿಯರ ಕೈಯಲ್ಲಿದೆ. ಓದುಗ ಬಂಧುಗಳು ಈ ಸಂಜೆ ಮನೆಯವರೆಲ್ಲ ಒಟ್ಟಿಗೆ ಕುಳಿತು, ಸೊಸೆಯ ಕೆಲಸದ ವೇಳೆ ಯಾವುದೆಂದು ಆಕೆಯನ್ನೇ ಕೇಳಬೇಕು. ಆಕೆ ಹೇಳುವಾಗ ಮಗನೂ ಎದುರಿಗಿರಲಿ ಎಂಬುದು ನಮ್ಮ ವಿನಂತಿ.