ಕುಳ್ಳಗಾದ ಜೀಪು

ಅಕ್ಕದೀರೆ, ಹೋದ ಸಲ ಹುಣಸೆಹಣ್ಣು ವರ್ಷಗಟ್ಟಲೆ ಕೆಡದಂಗೆ ಮಡಗೋದು ಹೆಂಗೆ ಅಂತ ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಅಂಗಳಕ್ಕೆ ಬಂದಿದೀನಿ. ನಮ್ಮನೆ ಮುಂದಿರೋ ಜೀಪು ನೀವೆಲ್ಲ ನೋಡಿದೀರಿ. "ಯಾಕಕ್ಕ, ಜೀಪು ಕುಳ್ಳಗಾಗೋಗೈತೆ, ಮಿಲಿಟ್ರಿ ಬಣ್ಣನೂ ಇಲ್ಲ, ಮುಂಚೆ ಎಷ್ಟು ಗತ್ತಾಗಿತ್ತು" ಅಂತ ಮೂರ್ನಾಲ್ಕು ಜನ ಕೇಳಿದ್ರಿ. ಅದಕ್ಕೆ ಉತ್ತರ ಇದು. ಆ ಗತ್ತಿನಿಂದಲೇ ನಮ್ಮ ಮೊಮ್ಮಗಳ ತುಟಿಗೆ ಎರಡು ಹೊಲಿಗೆ ಬಿತ್ತು. ಅದಕ್ಕೇ ನಾವೇ ದುಡ್ಡು ಕೊಟ್ಟು ಇಳಿಸಿದ್ವಿ.

ಮೊದಲು ಜೀಪು ಯಾಕೆ ಬೇಕಿತ್ತು ಅಂತ ಹೇಳ್ಬುಡ್ತೀನಿ, ಶೋಕಿಗೆ ತಂದ್ರು ಅಂದ್ಕೋಬೇಡಿ. ನಮ್ಮ ಮಾವಿನ ತೋಟ, ಹಿಪ್ಪುನೇರಳೆ ಎಲ್ಲ ಇರೋದು ಗುಡ್ಡದ ಆಚೆ. ಮಳೆ ಬಿದ್ರೆ ಆ ದಾರಿಯಲ್ಲಿ ಸ್ಕೂಟ್ರೂ ಇಲ್ಲ, ಕಾರೂ ಇಲ್ಲ. ಹುಳ ನಾಲ್ಕನೇ ಜ್ವರ ಎದ್ದಾಗ ಹೊತ್ತೊತ್ತಿಗೆ ಸೊಪ್ಪು ಬರ್ಬೇಕು, ಅದಕ್ಕೆ ಕೆಸರು ಒಣಗೋ ಗಂಟ ಕಾಯಾಕಾಗ್ತದಾ? ಅದರ ಮೇಲೆ ಕಾಡಿನ ಕಡೆಯಿಂದ ಆನೆ ಬತ್ತವೆ, ಸಂಜೆ ಮೇಲೆ ನಡ್ಕೊಂಡು ಬರೋ ಹಂಗಿಲ್ಲ. ನಾಕೂ ಚಕ್ರ ಎಳೆಯೋ ಗಾಡಿ ಬೇಕು ಅಂತ ಮಗ ಅಂದದ್ದು ಸರಿಯಾಗೇ ಇತ್ತು. ಮಹೀಂದ್ರದವ್ರು 1940ರ ದಶಕದ ಕೊನೇಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದ್ರು. ಅವತ್ತಿಂದ ನಮ್ಮ ಹಳ್ಳಿ ದಾರಿಗಳನ್ನ ಜೀಪು ತುಳಿದಷ್ಟು ಇನ್ಯಾವ ಗಾಡಿ ತುಳಿದೈತೆ ಹೇಳಿ. ನಮ್ಮಪ್ಪನ ಕಾಲದಲ್ಲಿ ಹೆರಿಗೆ ನೋವು ಬಂದೋರ್ನ ಆಸ್ಪತ್ರೆಗೆ ಸಾಗಿಸಿದ್ದೂ ಜೀಪೇ, ಮದುವೆ ಗಂಡು ಬಂದದ್ದೂ ಜೀಪಲ್ಲೇ.

ಹೊಸದಕ್ಕೆ ದುಡ್ಡೆಲ್ಲಿ? ಎರಡು ಬೆಳೆ ಗೂಡಿನ ದುಡ್ಡು, ನನ್ನ ಚೀಟಿ ದುಡ್ಡು ಸೇರಿಸಿ 3,40,000ಕ್ಕೆ ಬೆಂಗಳೂರಲ್ಲಿ ಒಬ್ಬರ ತಾವ ಹಳೇದು ತಂದ್ರು. 1998ನೇ ಇಸವಿ ಎಂ.ಎಂ. 550. ನೋಡಿದ್ರೆ ಹೌದೌದು ಅನ್ನಂಗಿತ್ತು. ಎದೆಮಟ್ಟಕ್ಕೆ ಬರೋ ಟೈರು, ಮುಂದೆ ಕಬ್ಬಿಣದ ದೊಡ್ಡ ಕೊಂಬು, ತಲೆ ಮೇಲೆ ಸಾಲಾಗಿ ಎಂಟು ಲೈಟು. ಬೆಂಗಳೂರಿಂದ ಭಾನುವಾರ ನಮ್ಮ ಬಂಡೆ ನೋಡೋಕೆ ಬತ್ತವಲ್ಲ, ಅದೇ ಥರದ್ದು. ನಾನು ಹತ್ತೋಕೆ ಸ್ಟೂಲು ಬೇಕಾಯ್ತು. ಸೊಸೆ ಅಂದ್ಲು, "ಅತ್ತೆ, ಇದು ಸೊಪ್ಪು ತರೋ ಗಾಡಿನಾ, ಉತ್ಸವದ ತೇರಾ?" ಎಲ್ಲಾರೂ ನಕ್ವಿ.

ಒಂದು ತಿಂಗಳಾದ ಮೇಲೆ ಕಬ್ಬಾಳಮ್ಮನ ದರ್ಶನ ಮಾಡ್ಕೊಂಡು ವಾಪಸ್ ಬತ್ತಿದ್ವಿ. ಮಗ ಓಡಿಸ್ತಿದ್ದ, ನಾನು, ಸೊಸೆ, ಮೊಮ್ಮಗಳು ಹಿಂದೆ. ಜೋರಾಗೇನೂ ಇರ್ಲಿಲ್ಲ. ರೋಡಲ್ಲಿ ಒಂದು ಸಣ್ಣ ಗುಂಡಿ ಸಿಕ್ತು. ಸಿಕ್ಕಿದ್ದೇ ತಡ, ಸ್ಟೀರಿಂಗು ಜ್ವರ ಬಂದೋರ ಥರ ಗಡಗಡ ನಡುಗೋಕೆ ಹತ್ತಿತು. ನಿಲ್ಲೋದೇ ಇಲ್ಲ, ಹೆಚ್ಚಾಗ್ತಾನೇ ಹೋಯ್ತದೆ. ಗಾಡಿ ಆ ಕಡೆ ಈ ಕಡೆ ಎಳೀತಿದೆ, ಎದುರಿಗೆ ಬಸ್ಸು. ಮಗ ಬ್ರೇಕ್ ತುಳಿದ್ರೆ ಒಂದು ಪಕ್ಕಕ್ಕೆ ಎಳ್ಕೊಂಡು ಹೋಗಿ ಹುಣಸೆಮರದಿಂದ ಎರಡು ಅಡಿ ದೂರದಲ್ಲಿ ನಿಂತ್ಕೊಂತು. ಮಗೀನ ಮುಖ ಮುಂದಿನ ಸೀಟಿನ ಕಂಬಿಗೆ ಬಡೀತು. ತಾಯಿ ಕಾಪಾಡಿದ್ಲು, ಇಲ್ಲದಿದ್ರೆ ಇವತ್ತು ನಾನು ಇದನ್ನ ಬರೀತಿರ್ಲಿಲ್ಲ.

ಆಮೇಲೆ ನಡೆದದ್ದೇ ನಾನು ಮುಖ್ಯವಾಗಿ ಹೇಳ್ಬೇಕಾದ್ದು.

ನಮ್ಮನೆಯವ್ರು ಅಂದ್ರು, "ಆದದ್ದಾಯ್ತು, ತೊಳ್ಸಿ ಪಾಲೀಸ್ ಹೊಡ್ಸಿ ಮಾರ್ಬುಡಾನ. ನಾವು ಕೊಟ್ಟ ದುಡ್ಡು ಬಂದ್ರೆ ಸಾಕು." ಮಗನೂ ಸುಮ್ನಿದ್ದ. ಎಂಟು ದಿನದಲ್ಲಿ ಮಾಗಡಿ ಕಡೆಯಿಂದ ಒಬ್ಬ ಹುಡುಗ ಹೆಂಡ್ತಿ, ಕೈಗೂಸು ಸಮೇತ ಬಂದ. ಗಾಡಿ ಸುತ್ತ ಮೂರು ಸುತ್ತು ತಿರುಗಿದ, ಕಣ್ಣೆಲ್ಲ ಟೈರಿನ ಮೇಲೆ. ಗಂಡಸ್ರು ಅಂಗಳದಲ್ಲಿ ವ್ಯಾಪಾರ ಮಾತಾಡ್ತಿರುವಾಗ ಆ ಹೆಣ್ಣುಮಗು ಕಾಫಿ ಲೋಟ ಹಿಡ್ಕೊಂಡು ಮೆಲ್ಲಗೆ ನನ್ನ ಕೇಳ್ತು, "ಅಕ್ಕ, ಗಾಡಿ ಚೆನ್ನಾಗೈತಾ?"

ಬಾಯಿಗೆ ಬಂದ ಮಾತು "ಹೂಂ ಕಣವ್ವ" ಅನ್ನೋದೇ. ಆದ್ರೆ ಬಾಗಿಲ ತಾವ ನಮ್ಮ ಮೊಮ್ಮಗಳು ಊದಿದ ತುಟಿ ಮಡಿಕೊಂಡು ನಿಂತಿದ್ಲು. "ಇಲ್ಲ ಕಣಮ್ಮ, ಸ್ಟೀರಿಂಗು ನಡುಗ್ತದೆ, ಬ್ರೇಕು ಎಳೀತದೆ, ರಿಪೇರಿ ಆಗೋ ಗಂಟ ತಗೋಬೇಡಿ" ಅಂದೆ. ಅವ್ರು ಹೊಂಟೋದ್ರು. ನಮ್ಮನೆಯವ್ರು ಮೂರು ದಿನ ನನ್ನ ಕೂಡೆ ಮಾತಾಡ್ಲಿಲ್ಲ. "ನಮಗೆ ಮಾರ್ದೋನು ಹೇಳಿದ್ನಾ? ನೀನ್ಯಾಕೆ ಹರಿಶ್ಚಂದ್ರನ ಹೆಂಡ್ತಿ ಆಗೋದು?" ಅಂತ ಒಂದು ಸಲ ಅಂದ್ರು. ಅವರ ಸಿಟ್ಟೂ ಸುಳ್ಳಲ್ಲ, ನಮ್ಮದು ಅಷ್ಟೊಂದು ದುಡ್ಡಿರೋ ಮನೆಯಲ್ಲ. ಆದ್ರೂ ನಮಗೆ ಮಾರ್ದೋನು ಹೇಳಿದ್ರೆ ಮಗೀನ ತುಟಿ ಸೀಳ್ತಿತ್ತಾ? ಅವನು ಮಾಡಿದ್ದನ್ನೇ ನಾವೂ ಮಾಡಿದ್ರೆ ಮುಂದಿನ ಹುಣಸೆಮರಕ್ಕೆ ಇನ್ನೊಬ್ಬರ ಮನೆ ಕೂಸು ಹೋಗಿ ಬಡೀತದೆ.

ನಾಕನೇ ದಿನ ಅವರೇ ಎದ್ದು ಜೀಪನ್ನ ಟೆಂಪೋಗೆ ಹಗ್ಗ ಕಟ್ಸಿ ರಾಮನಗರಕ್ಕೆ ಎಳ್ಸಿದ್ರು. ಅಲ್ಲೊಬ್ರು ವಯಸ್ಸಾದ ಮೇಸ್ತ್ರಿ, ಮೂವತ್ತು ವರ್ಷದಿಂದ ಜೀಪೇ ಬಿಚ್ಚಿ ಕಟ್ಟಿದೋರು. ನಾನೂ ಹೋದೆ. ನಮ್ಮ ಮಗ ಮೊದಲು ಕೇಳಿದ್ದು, "ಮೇಸ್ತ್ರಿ, ನಡುಕ ನಿಲ್ಲೋಕೆ ಇನ್ನೇನು ಹಾಕ್ಸಬೇಕು?" ಅವ್ರು ಅಂದ್ರು, "ಹಾಕ್ಸೋದೇನೂ ಇಲ್ಲಪ್ಪ. ಹಾಕ್ಸಿರೋದನ್ನ ತೆಗೀಬೇಕು." ಜೀಪಿನ ಕೆಳಗೆ ಮಲಗಿ ಒಂದೊಂದೇ ತೋರಿಸಿದ್ರು. ನನಗೆ ಅರ್ಥ ಆದಷ್ಟು ಹೇಳ್ತೀನಿ.

ಸ್ಪ್ರಿಂಗ್ ಪ್ಲೇಟುಗಳನ್ನ ಚಾಸಿಗೆ ಹಿಡಿದಿರೋ ಶ್ಯಾಕಲ್ ಅಂತ ಕೊಂಡಿ ಇರ್ತದೆ. ಗಾಡಿ ಎತ್ತರ ಕಾಣಲಿ ಅಂತ ಆ ಕೊಂಡಿ ತೆಗೆದು ಉದ್ದದ್ದು ಹಾಕಿದ್ರು, ಪ್ಲೇಟೂ ಎರಡು ಜಾಸ್ತಿ. ಅದರಿಂದ ಮುಂದಿನ ಅಚ್ಚು ತಿರುಚ್ಕೊಂಡಿತ್ತು. ಸೈಕಲ್ ನೋಡಿ, ಮುಂದಿನ ಫೋರ್ಕು ನೆಟ್ಟಗೆ ಕೆಳಕ್ಕಿರಲ್ಲ, ಓರೆಯಾಗಿರ್ತದೆ. ಅದಕ್ಕೇ ಹುಡುಗ್ರು ಕೈ ಬಿಟ್ರೂ ಸೈಕಲ್ ನೆಟ್ಟಗೆ ಹೋಗೋದು. ಜೀಪಿನ ಚಕ್ರಕ್ಕೂ ಅಂಥದೇ ಒಂದು ಓರೆ ಇಟ್ಟಿರ್ತಾರೆ. ಅದು ಹೋದ್ರೆ ಚಕ್ರಕ್ಕೆ ತನ್ನ ದಾರಿ ತನಗೆ ಗೊತ್ತಾಗಲ್ಲ. ಅದರ ಜೊತೆ ಕಿಂಗ್‌ಪಿನ್ ಬೇರಿಂಗು, ಟೈ ರಾಡ್ ಎಂಡು ಎಲ್ಲ ಸವೆದು ಅಲ್ಲಾಡ್ತಿದ್ವು. ಗುಂಡಿಗೆ ಬಿದ್ರೆ ನಡುಗದೆ ಇನ್ನೇನು ಮಾಡ್ತದೆ?

ದೊಡ್ಡ ಟೈರು ಇನ್ನೊಂದು ಪೀಡೆ. ಭಾರ ಜಾಸ್ತಿ, ತಡೆಯೋ ಬ್ರೇಕು ಮಾತ್ರ ಹಳೇ ಸಣ್ಣ ಡ್ರಮ್ಮೇ. ಚಕ್ರ ದೊಡ್ಡದಾದ್ರೆ ಮೀಟ್ರು ಕಮ್ಮಿ ತೋರಿಸ್ತದೆ. ಐವತ್ತು ಅಂತ ನಾವು ನಂಬ್ಕೊಂಡಿದ್ರೆ ಗಾಡಿ ಅದಕ್ಕಿಂತ ಜೋರಾಗಿ ಹೋಗ್ತಿರ್ತದೆ. ಗಾಡಿ ಎತ್ತರ ಮಾಡ್ದೋರು ಬ್ರೇಕಿನ ರಬ್ಬರ್ ಪೈಪು ಉದ್ದ ಮಾಡಿರ್ಲಿಲ್ಲ. ಚಕ್ರ ವಸಿ ಕೆಳಕ್ಕೆ ಜೋತ್ರೆ ಪೈಪು ತಂತಿ ಥರ ಬಿಗೀತಿತ್ತು. ಯಾವತ್ತೋ ಒಂದು ದಿನ ಕಿತ್ಕೊಳ್ಳೋದು. ಎಂಟು ಲೈಟಿಗೆ ಬ್ಯಾಟ್ರಿಯಿಂದ ನೇರ ವೈರು, ಫ್ಯೂಸಿಲ್ಲ, ಟೇಪು ಸುತ್ತಿ ಡೀಸೆಲ್ ಪೈಪಿನ ಪಕ್ಕದಲ್ಲೇ ಎಳೆದಿದ್ರು. ಉರಿಯೋ ಒಲೆ ಪಕ್ಕ ಸೀಮೆಎಣ್ಣೆ ಡಬ್ಬ ಯಾರಾದ್ರೂ ಮಡಗ್ತಾರಾ?

ಚನ್ನಪಟ್ಟಣದ ಗೊಂಬೆ ಗಾಡಿ ನಮ್ಮ ಮೊಮ್ಮಗಳ ತಾವ ಐತೆ. ಆಲೆ ಮರದ್ದು, ಅರಗಿನ ಬಣ್ಣ. ಅದಕ್ಕೆ ಇನ್ಯಾವುದೋ ಗೊಂಬೆಯ ದೊಡ್ಡ ಚಕ್ರ ಸಿಗ್ಸಿ ತಳ್ಳಿದ್ರೆ ಮೂರು ಸುತ್ತಿಗೆ ಮಗುಚ್ಕೊಂತದೆ. ಗೊಂಬೆ ಮಾಡೋರಿಗೇ ಅಚ್ಚಿಗೆ ತಕ್ಕ ಗಾಲಿ ಅನ್ನೋದು ಗೊತ್ತು. ಜೀಪು ಮಾಡ್ದೋರು ಲೆಕ್ಕ ಹಾಕಿ ಇಟ್ಟಿದ್ದನ್ನ ಶೋಕಿಗೆ ಕೆಡಿಸ್ದೋರಿಗೆ ಗೊತ್ತಾಗ್ಲಿಲ್ಲ.

ಇದು ಬರೀ ಮೇಸ್ತ್ರಿ ಮಾತಲ್ಲ, ಕಾನೂನೂ ಐತೆ ಅಂತ ಆಮೇಲೆ ತಿಳ್ಕೊಂಡ್ವಿ. 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ನು, ಕಂಪನಿ ಮಾಡಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಎರಡೂ ಆಗ್ಬಹುದು. ಅದೂ ಗಾಡಿಯ ಮಾಲೀಕನ ಮೇಲೆ. ಮುಂದೆ ಕಟ್ಟೋ ಕಬ್ಬಿಣದ ಕೊಂಬು ಬೇಡ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿತ್ತು. ಡಿಕ್ಕಿ ಆದ್ರೆ ಎದುರಿಗೆ ನಡ್ಕೊಂಡು ಹೋಗೋರಿಗೂ ಅಪಾಯ, ಒಳಗಿರೋರಿಗೂ ಅಪಾಯ. ಇನ್ನು ಆ ಮಿಲಿಟ್ರಿ ಹಸಿರು ಬಣ್ಣ ಸೈನ್ಯದ ಗಾಡಿ ಬಿಟ್ಟು ಬೇರೆಯವ್ರು ಬಳಿಸೋ ಹಂಗೇ ಇಲ್ಲ, 1989ರ ನಿಯಮದಲ್ಲೇ ಐತೆ. ನಮ್ಮ ಆರ್‌ಸಿಯಲ್ಲಿ ಬಿಳಿ ಅಂತಿತ್ತು, ಗಾಡಿ ಹಸಿರು. ದುಡ್ಡು ಎಣಿಸಿ ಕೊಡುವಾಗ ಯಾರೂ ಅದನ್ನ ಓದಿರ್ಲಿಲ್ಲ, ಪಿಯುಸಿ ಓದಿರೋ ನಾನೂ ಓದಿರ್ಲಿಲ್ಲ. ಆ ತಪ್ಪು ನಂದೂ ಹೌದು.

ಲೆಕ್ಕ ಕೇಳ್ತೀರಿ ಅಂತ ಗೊತ್ತು, ಹೇಳ್ತೀನಿ. ಸ್ಟೀರಿಂಗಿನ ಕೆಲಸ 18,500. ಸ್ಪ್ರಿಂಗು, ಶ್ಯಾಕಲ್ ಮೊದಲಿನ ಅಳತೆಗೆ ತಂದದ್ದು 22,000. ನಾಕೂ ಚಕ್ರದ ಬ್ರೇಕು, ಪೈಪು 16,000. ವೈರಿಂಗು 9,500. ಸರಿ ಅಳತೆಯ ಟೈರು, ರಿಮ್ಮು 38,000. ಕೊನೇಲಿ ಬಿಳಿ ಬಣ್ಣ 14,000. ಒಟ್ಟು 1,18,000. ನನ್ನ ಎರಡು ಬಳೆ ಬ್ಯಾಂಕಲ್ಲವೆ. ಆ ದೊಡ್ಡ ಟೈರಿಗೆ ಒಬ್ಬ 25,000 ಕೊಡ್ತೀನಿ ಅಂದ. ಅವನದೂ ನಮ್ಮದೇ ಥರದ ಹಳೇ ಜೀಪು. ಕೊಡ್ಲಿಲ್ಲ. ಒಂದರಲ್ಲಿ ಪುದೀನ ಹಾಕಿದೀನಿ, ಉಳಿದವು ಕೊಟ್ಟಿಗೇಲಿ ಬಿದ್ದವೆ. ನಮ್ಮನೆಯವ್ರು ಈಗಲೂ ಪುದೀನ ಚಟ್ನಿ ತಿನ್ನುವಾಗ "ಇಪ್ಪತ್ತೈದು ಸಾವಿರದ ಚಟ್ನಿ" ಅಂತಾರೆ. ಅನ್ಲಿ ಬುಡಿ.

ಗಾಡಿಗೆ ಏನನ್ನೂ ಮಾಡಿಸ್ಬಾರದು ಅಂತ ನಾನು ಹೇಳ್ತಿಲ್ಲ. ನಾವೂ ಹಿಂದಿನ ಸೀಟಿಗೆ ಬೆಲ್ಟು ಹಾಕ್ಸಿದ್ವಿ, ಕಂಬಿಗೆ ಮೆತ್ತೆ ಸುತ್ತಿಸಿದ್ವಿ. ಕಾಲು ಸ್ವಾಧೀನ ಇಲ್ಲದೋರಿಗೆ ಅನುಕೂಲ ಆಗಂಗೆ ಗಾಡಿ ಬದಲಾಯಿಸೋಕೆ ಕಾನೂನಲ್ಲೇ ದಾರಿ ಐತೆ. ಇಂಜಿನ್ ಬದಲಾಯಿಸ್ಬೇಕಾದ್ರೂ ಆರ್‌ಟಿಓ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಬರೆಸಬಹುದು. ಕೂತೋರಿಗೆ ಅನುಕೂಲ ಆಗೋದು ಬೇರೆ, ನೋಡೋರಿಗೆ ಗತ್ತು ಕಾಣ್ಲಿ ಅಂತ ಮಾಡ್ಸೋದು ಬೇರೆ. ನಮ್ಮ ಗಂಡುಮಕ್ಕಳು ಗಾಡಿ ಕೆಟ್ರೆ ಇನ್ನೊಂದೇನೋ ಸೇರಿಸಿ ಸರಿ ಮಾಡ್ಬೇಕು ಅಂದ್ಕೊಂತಾರೆ. ಉಪ್ಪು ಜಾಸ್ತಿಯಾದ ಸಾರಿಗೆ ಖಾರ ಹಾಕಿ ಸರಿ ಮಾಡೋಕಾಗಲ್ಲ ಅಂತ ನಮಗೆ ಗೊತ್ತು. ಅದನ್ನ ಅವರಿಗೆ ಹೇಳೋರು ನಾವೇ ಆಗ್ಬೇಕು. "ಹೆಂಗಸ್ರಿಗೆ ಗಾಡಿ ವಿಚಾರ ಯಾಕೆ" ಅಂದ್ರೆ, ಹಿಂದಿನ ಸೀಟಲ್ಲಿ ಮಗು ಮಡಿಕೊಂಡು ಕೂರೋರು ಯಾರು ಅಂತ ಕೇಳಿ.

ನಿಮ್ಮನೇಲೂ ಹಳೇ ಜೀಪು ತರ್ತೀವಿ ಅಂದ್ರೆ ಇಷ್ಟು ಮಾಡಿ. ಆರ್‌ಸಿ ಕೈಗೆ ತಗೊಂಡು ಬಣ್ಣ, ಇಂಜಿನ್ ನಂಬ್ರ, ಚಾಸಿ ನಂಬ್ರ ಗಾಡಿ ಪಕ್ಕ ನಿಂತು ತಾಳೆ ನೋಡಿ. ಹದಿನೈದು ವರ್ಷ ದಾಟಿದ್ರೆ ನೋಂದಣಿ ನವೀಕರಣ ಆಗೈತಾ ಕೇಳಿ, ಅದು ಐದೈದು ವರ್ಷಕ್ಕೆ ಆಗ್ಬೇಕು. ಗೊತ್ತಿರೋ ಮೇಸ್ತ್ರಿಗೆ ಒಂದು ದಿನದ ಕೂಲಿ ಕೊಟ್ಟು ಕೆಳಗಡೆ ಮಲಗಿ ನೋಡೋಕೆ ಹೇಳಿ. ನಾವು ಅದನ್ನ ಉಳಿಸೋಕೆ ಹೋಗಿ ಲಕ್ಷ ಕಳ್ಕೊಂಡ್ವಿ. ಆಮೇಲೆ ಸಣ್ಣ ಗುಂಡಿ ಇರೋ ರಸ್ತೇಲಿ ನೀವೂ ಕೂತು ಒಂದು ಸುತ್ತು ಹೋಗ್ಬನ್ನಿ. ವಿಮೆ ಕಂಪನಿಗೆ ತಿಳಿಸದ ಬದಲಾವಣೆ ಇದ್ರೆ, ನಾಳೆ ಕ್ಲೇಮು ಕೊಡಲ್ಲ ಅನ್ನೋಕೆ ಅವರಿಗೆ ನೀವೇ ದಾರಿ ಮಾಡಿಕೊಟ್ಟಂಗೆ.

ಮಾರೋ ಕಾಲ ಬಂದ್ರೆ, ಗಾಡಿ ನೋಡೋಕೆ ಬಂದ ಹೆಣ್ಣುಮಗಳು ಕೇಳಿದ್ರೆ, ನಿಜ ಹೇಳಿ. ಮನೇಲಿ ಮೂರು ದಿನ ಮಾತಿಲ್ದೆ ಇದ್ರೆ ಯಾರೂ ಸಾಯಲ್ಲ.

ಈಗ ಜೀಪು ಕುಳ್ಳಗೇ ಐತೆ. ಸ್ಟೂಲಿಲ್ದೆ ಹತ್ತಿ ಕೂರ್ತೀನಿ. ಮೊನ್ನೆ ಮಳೇಲಿ ತೋಟದಿಂದ ಸೊಪ್ಪು ತುಂಬ್ಕೊಂಡು ಬಂದ್ವಿ, ಸ್ಟೀರಿಂಗು ಅಲ್ಲಾಡ್ಲಿಲ್ಲ. ಮೊಮ್ಮಗಳು ಮೊದಲೆಲ್ಲ ಹತ್ತಲ್ಲ ಅಂತ ಅಳ್ತಿದ್ದೋಳು, ಅವತ್ತು ಬೆಲ್ಟು ತಾನೇ ಎಳೆದು ಸಿಗ್ಸ್ಕೊಂಡ್ಲು. ಮಾಗಡಿ ಹುಡುಗ ಫೋನ್ ಮಾಡಿದ್ದ, "ರಿಪೇರಿ ಆದ್ರೆ ಹೇಳಿ, ನಾವೇ ತಗೊಂತೀವಿ" ಅಂತ. ಕೊಡಲ್ಲಪ್ಪ ಅಂದೆ. ಹಂಗೇ ನಮ್ಮ ಮೇಸ್ತ್ರಿ ನಂಬ್ರ ಕೊಟ್ಟೆ.